ಎಸರಿನ ಹಿಟ್ಟು ಮತ್ತು ಕೆಂಪಂಚಿನ ಟವೆಲ್

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಹಿಂದೆ ಒಂದು ಸಮುದ್ರವಿತ್ತು. ಮಕ್ಕಳೇ, ನಗಬೇಡಿ. ಕೊಪ್ಪಳ ಸೀಮೆಯಲ್ಲಿ ಸಮುದ್ರ ಎಲ್ಲಿಂದ ಬಂತು ಎಂದು ನಿಮ್ಮ ಭೂಗೋಳದ ಪುಸ್ತಕವನ್ನೂ ತೆರೆಯಬೇಡಿ. ಮುನಿರಾಬಾದಿನ ಡ್ಯಾಮು ತುಂಬಿದಾಗ ಹಿನ್ನೀರು ಎಷ್ಟು ಹರಡುತ್ತಿತ್ತೆಂದರೆ ಆಚೆ ದಂಡೆ ಕಣ್ಣಿಗೆ ಬೀಳುತ್ತಿರಲಿಲ್ಲ. ಗಾಳಿ ಎದ್ದರೆ ಅಲೆಗಳು ಬಂದು ಕಲ್ಲಿಗೆ ಬಡಿಯುತ್ತಿದ್ದವು. ಬಿಳಿ ಹಕ್ಕಿಗಳು ನೀರಿನ ಮೇಲೆ ಸುತ್ತುತ್ತಿದ್ದವು. ಮುಂದೆ ದೊಡ್ಡವನಾದ ಮೇಲೆ ಕಾರವಾರಕ್ಕೆ ಹೋಗಿ ನಿಜವಾದ ಸಮುದ್ರ ನೋಡಿದೆ. ನೀರು ಉಪ್ಪಾಗಿತ್ತು ಎನ್ನುವುದೊಂದನ್ನು ಬಿಟ್ಟರೆ ನನಗೆ ಅಂಥ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ.

ಅಪ್ಪ ಕಾಲುವೆಯ ಲಸ್ಕರ್ ಆಗಿದ್ದ. ಅಂದರೆ ಕಾಲುವೆಯ ಗೇಟು ಎತ್ತಿ ಇಳಿಸುವುದು, ದಂಡೆ ಒಡೆಯದಂತೆ ಕಾಯುವುದು ಅವನ ಕೆಲಸ. ಸಾಲಾಗಿ ಕಟ್ಟಿದ ಸಣ್ಣ ಮನೆಗಳಲ್ಲಿ ಕೊನೆಯದು ನಮ್ಮದು. ಮನೆಯ ಹಿಂದೆ ಜಾಲಿಗಿಡಗಳು, ಜಾಲಿಗಿಡಗಳ ಆಚೆ ನೀರು. ಆ ನೀರಿನೊಳಗೆ ದುಂಡಗಿನ ಗೋಪುರದಂಥ ಒಂದು ಪಂಪಿನ ಮನೆ ನಿಂತಿತ್ತು. ಊರಿಗೆ ಕುಡಿಯುವ ನೀರನ್ನು ಅಲ್ಲಿಂದ ಎತ್ತುತ್ತಿದ್ದರು. ಎಲ್ಲರೂ ಅದನ್ನು ಜಾಕ್‌ವೆಲ್ ಎನ್ನುತ್ತಿದ್ದರು. ದಂಡೆಯಿಂದ ಅದಕ್ಕೆ ಹೋಗಲು ಉದ್ದನೆಯ ಕಿರಿದಾದ ಒಂದು ಸೇತುವೆ. ಸೇತುವೆಯ ಮೇಲೆ ಕಾಲು ಇಳಿಬಿಟ್ಟು ಕುಳಿತರೆ ಕೆಳಗೆ ಹಸಿರು ನೀರು, ಪಂಪು ತಿರುಗಿದಾಗ ತೊಡೆಗಳಿಗೆ ಸಣ್ಣ ನಡುಕ, ಮೂಗಿಗೆ ಪಾಚಿಯ ವಾಸನೆ ಮತ್ತು ಎಂಜಿನ್ ಎಣ್ಣೆಯ ವಾಸನೆ. ಗಾಳ ಹಾಕಲು ಅದಕ್ಕಿಂತ ಒಳ್ಳೆಯ ಜಾಗ ಇಡೀ ಹಿನ್ನೀರಿನಲ್ಲಿ ಇರಲಿಲ್ಲ. ಇದನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ಯಾಕೆಂದರೆ ಉಳಿದ ಎಲ್ಲ ಜಾಗಗಳಲ್ಲೂ ನಾನು ಗಾಳ ಹಾಕಿ ನೋಡಿದ್ದೆ.

ನನ್ನ ಜೊತೆಗೆ ಯಾವಾಗಲೂ ಇರುತ್ತಿದ್ದವನು ನನ್ನ ಗೆಳೆಯ. ಅವನ ಅಪ್ಪ ಸೈಕಲ್ ರಿಪೇರಿ ಮಾಡುತ್ತಿದ್ದ. ಆದ್ದರಿಂದ ಗಾಳದ ದಾರಕ್ಕೆ ಭಾರ ಕಟ್ಟಲು ಬೇಕಾದ ಸಣ್ಣ ನಟ್ಟುಗಳು ನಮಗೆ ಸಲೀಸಾಗಿ ಸಿಗುತ್ತಿದ್ದವು. ಗೆಳೆಯ ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಉಸ್ತಾದ್ ಎನ್ನುತ್ತಿದ್ದ. ಓಣಿಯ ಹುಡುಗರೂ ಹಾಗೇ ಕರೆಯತೊಡಗಿದ್ದರು. ಅವರೆಲ್ಲ ಎರೆಹುಳು ಚುಚ್ಚಿಕೊಂಡು ಕೂತರೆ ಬೆರಳುದ್ದದ ಮೀನು ಬರುತ್ತಿದ್ದವು. ನಾನು ಹಿಟ್ಟಿನ ಉಂಡೆ ಚುಚ್ಚಿ ಬಿಟ್ಟರೆ ಮೊಳದುದ್ದದ ಕಾಟ್ಲಾ ಬರುತ್ತಿತ್ತು. ಬೇರೆಯವರ ಹಿಟ್ಟು ನೀರಿಗೆ ಬಿದ್ದ ಕೂಡಲೇ ಕರಗಿ ಹೋದರೆ ನನ್ನ ಹಿಟ್ಟು ಗಾಳಕ್ಕೆ ಅಂಟಿಕೊಂಡೇ ಇರುತ್ತಿತ್ತು.

"ಏನ್ ಹಾಕ್ತೀಲೇ ಅದರಾಗ?" ಎಂದು ಹುಡುಗರು ಕೇಳುತ್ತಿದ್ದರು.

"ಅದು ಕೈಗುಣ" ಎನ್ನುತ್ತಿದ್ದೆ.

ಕೈಗುಣವೇನೋ ನಿಜ. ಆದರೆ ಕೈ ನನ್ನದಾಗಿರಲಿಲ್ಲ. ಆ ಹಿಟ್ಟು ನಾದುತ್ತಿದ್ದವಳು ಅಕ್ಕ.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಕಾಲುವೆಯ ಮೆಟ್ಟಿಲ ಮೇಲೆ ಕುಳಿತು ರೊಟ್ಟಿ ಹಿಟ್ಟು ನಾದುವ ಪರಾತ ತೊಳೆಯುವಾಗ ಅವಳು ಮೀನುಗಳನ್ನು ನೋಡುತ್ತಿದ್ದಳು. ಪರಾತಕ್ಕೆ ಅಂಟಿದ ಹಿಟ್ಟಿನ ಚೂರು ನೀರಿಗೆ ಬಿದ್ದರೂ ಕರಗುವುದಿಲ್ಲ, ಮೀನುಗಳು ಅದನ್ನೇ ಎಳೆದಾಡುತ್ತವೆ ಎಂದು ಕಂಡುಕೊಂಡವಳು ಅವಳೇ. ಅದಕ್ಕೆ ಶೇಂಗಾ ಹಿಂಡಿಯ ಪುಡಿ ಮತ್ತು ಚೂರು ಬೆಲ್ಲ ಸೇರಿಸಿ ನಾದಿದವಳೂ ಅವಳೇ. ಜೋಳದ ದಂಟು ಸುಲಿದು ಒಳಗಿನ ಬೆಂಡು ತೆಗೆದು, ನೀರಿನ ಮೇಲೆ ತೇಲುವಂತೆ ದಾರಕ್ಕೆ ಕಟ್ಟಿದ್ದಳು. ಬೆಂಡು ಮುಳುಗಿತೆಂದರೆ ಮೀನು ಕಚ್ಚಿತೆಂದು ಅರ್ಥ. ಗಾಳ ಹಾಕುವ ವಿದ್ಯೆ ಎಲ್ಲ ಅವಳಿಗೆ ಗೊತ್ತಿತ್ತು. ಗಾಳ ಹಾಕುವುದೊಂದು ಮಾತ್ರ ಗೊತ್ತಿರಲಿಲ್ಲ. ಹೆಣ್ಣುಮಕ್ಕಳು ಆ ಸೇತುವೆಯ ಮೇಲೆ ಹೋಗುತ್ತಿರಲಿಲ್ಲ. ಹೋದರೆ ಅಲ್ಲಿನ ವಾಚ್‌ಮನ್ ಬೈದು, ಸಂಜೆ ಅಪ್ಪನಿಗೂ ಬಂದು ಹೇಳುತ್ತಿದ್ದ. ಹುಡುಗರನ್ನೂ ಅವನು ಬಿಡುತ್ತಿರಲಿಲ್ಲ. ಆದರೆ ನಾವು ಅವನು ಸಂತೆಗೆ ಹೋದ ದಿನ ನೋಡಿಕೊಂಡು ನುಗ್ಗುತ್ತಿದ್ದೆವು.

ಆ ವರ್ಷ ದಸರೆ ಕಳೆದ ಮೇಲೆ ಮನೆಯಲ್ಲಿ ಒಂದು ಮಾತು ಗಟ್ಟಿಯಾಯಿತು. ಕುಷ್ಟಗಿ ಕಡೆ ಇದ್ದ ಸೋದರಮಾವನ ಮನೆಯಲ್ಲಿ ಅತ್ತೆಗೆ ಹೆರಿಗೆಯಾಗಿತ್ತು. ಅವಳಿ ಕೂಸುಗಳು. ಮನೆಗೆಲಸಕ್ಕೆ ಕೈ ಸಾಲದೆ ಅಕ್ಕನನ್ನು ಕರೆದೊಯ್ಯುವುದೆಂದು ಮಾವ ಹೇಳಿ ಕಳಿಸಿದ್ದ. ಅಲ್ಲಿ ಹೊಳೆಯಿಲ್ಲ, ಕಾಲುವೆಯಿಲ್ಲ. ಎತ್ತ ನೋಡಿದರೂ ಹೊಲವೇ. ಹೊರಡುವ ಹಿಂದಿನ ದಿನ ಅಪ್ಪ ಅವ್ವ ಇಬ್ಬರೂ ಇರಕಲ್ಲಗಡಕ್ಕೆ ಸಂಬಂಧಿಕರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋಗುವವರಿದ್ದರು. ಮಾವನೂ ಅಲ್ಲಿಗೇ ಬಂದು, ಸಂಜೆ ಅವರ ಜೊತೆ ನಮ್ಮ ಮನೆಗೆ ಬರುವವನಿದ್ದ. ಅದೇ ದಿನ ವಾಚ್‌ಮನ್ ಸಂತೆಗೆ ಹೋಗುವ ದಿನವೂ ಆಗಿತ್ತು.

"ತಮ್ಮಾ, ಒಂದ ಸಲ ನನ್ನ ಸೇತುವಿ ಮ್ಯಾಲೆ ಕರ್ಕೊಂಡ್ ಹೋಗು" ಎಂದಳು ಅಕ್ಕ. "ಒಂದ ಸಲ ನಾ ಗಾಳ ಹಾಕ್ತೀನಿ. ಮೀನು ಬೀಳಲಿ, ಬಿಡಲಿ."

"ಆತು" ಎಂದೆ. "ಆದ್ರ ಹಿಟ್ಟು ಭಾಳ ಬೇಕು."

"ಪರಾತ ತುಂಬ ನಾದತೀನಿ, ಹೋಗು."

ಹೀಗೆ ಮಾತಾಯಿತು. ಮೊದಲು ನಾನು ಮತ್ತು ಗೆಳೆಯ ಹೋಗುವುದು. ವಾಚ್‌ಮನ್ ನಿಜವಾಗಿಯೂ ಹೋಗಿದ್ದಾನೆಯೇ, ಪಂಪಿನ ಮನೆಯೊಳಗೆ ಮಲಗಿದ್ದಾನೆಯೇ ಎಂದು ನೋಡುವುದು. ದಾರಿ ಸಾಫಿದ್ದರೆ ಸೇತುವೆಯ ಮೇಲೆ ಎದ್ದು ನಿಂತು ಅಪ್ಪನ ಕೆಂಪಂಚಿನ ಟವೆಲ್ ಬೀಸುವುದು. ಅಕ್ಕ ಜಾಲಿಗಿಡಗಳ ಹತ್ತಿರ ಕಾಯುತ್ತಾಳೆ, ಟವೆಲ್ ಕಂಡ ಕೂಡಲೇ ಬರುತ್ತಾಳೆ. ಪಂಪಿನ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲವಾದ್ದರಿಂದ ಟವೆಲ್ಲಿನ ಉಪಾಯ ಅವಳದೇ.

ಬೆಳಿಗ್ಗೆ ಅಪ್ಪ ಅವ್ವ ಬಸ್ಸು ಹತ್ತಿದ್ದೇ ತಡ, ಅಕ್ಕ ಒಲೆಯ ಮುಂದೆ ಕುಳಿತಳು. ಹಿಂಡಿಯನ್ನು ಹುರಿದು ಕುಟ್ಟಿದಾಗ ಮನೆಯೆಲ್ಲ ಘಮ್ಮೆಂದಿತು. ನಾನು ಗಾಳಗಳನ್ನು ಸುತ್ತಿಕೊಳ್ಳುವುದರಲ್ಲಿ ಮುಳುಗಿದ್ದೆ. ಅವಳು ಹೇಗೆ ನಾದುತ್ತಾಳೆ ಎಂದು ಅವತ್ತೂ ನಾನು ನೋಡಲಿಲ್ಲ. ಬಾಳೆಎಲೆಯಲ್ಲಿ ಸುತ್ತಿ ಕೊಟ್ಟಳು. ಹಿಡಿದರೆ ಇನ್ನೂ ಬಿಸಿಯಿತ್ತು. ಟವೆಲ್ಲನ್ನು ತಾನೇ ಮಡಚಿ ನನ್ನ ಹೆಗಲ ಮೇಲೆ ಹಾಕಿದಳು.

ಸೇತುವೆಯ ಮೇಲೆ ಗೆಳೆಯ ಆಗಲೇ ಬಂದು ಕೂತಿದ್ದ. ಪಂಪಿನ ಮನೆಯ ಬಾಗಿಲಿಗೆ ಬೀಗ ಬಿದ್ದಿತ್ತು. ವಾಚ್‌ಮನ್ ಇರಲಿಲ್ಲ. ತಂಪು ಗಾಳಿ, ಎಳೆಬಿಸಿಲು, ಗಾಜಿನಂಥ ನೀರು. ತಿರುಗಿ ನೋಡಿದೆ. ಜಾಲಿಗಿಡಗಳ ನಡುವೆ ಅಕ್ಕನ ಹಳದಿ ಲಂಗ ಚೆನ್ನಾಗಿ ಕಾಣುತ್ತಿತ್ತು.

"ನಿಮ್ಮ ಅಕ್ಕ ಬರ್ತಾಳ ಅಂದಿದ್ದಿ?" ಎಂದ ಗೆಳೆಯ.

ಟವೆಲ್ಲಿನ ಮೇಲೆ ಕೈ ಇಟ್ಟಿದ್ದೆ. ಎತ್ತುವುದೊಂದೇ ಬಾಕಿ. ಆಗ ಒಂದು ಯೋಚನೆ ಬಂತು. ಅಕ್ಕ ಇಲ್ಲಿ ಬಂದು ಕೂತರೆ ಹಿಟ್ಟಿನ ಉಂಡೆ ಎಷ್ಟು ದಪ್ಪ ಇರಬೇಕು, ಬೆಂಡನ್ನು ಎಷ್ಟು ಮೇಲೆ ಕಟ್ಟಬೇಕು ಎಂದು ಅವಳೇ ಹೇಳತೊಡಗುತ್ತಾಳೆ. ಗೆಳೆಯನಿಗೆ ಎಲ್ಲ ತಿಳಿದುಹೋಗುತ್ತದೆ. ನಾಳೆಯಿಂದ ಓಣಿಯಲ್ಲಿ ನಾನು ಉಸ್ತಾದ್ ಅಲ್ಲ. ಅವಳಾದರೋ ನಾಳೆ ಊರಿಗೇ ಹೋಗುವವಳು. ನಾನು ಇಲ್ಲೇ ಇರಬೇಕಾದವನು.

"ಆಕಿ ಒಲ್ಲೆ ಅಂದ್ಲು" ಎಂದೆ. ಟವೆಲ್ಲನ್ನು ಹೆಗಲಿನಿಂದ ತೆಗೆದು ಮಡಚಿ, ಅದರ ಮೇಲೆಯೇ ಕುಳಿತೆ.

ಅಂಥ ಮೀನು ಬೇಟೆ ನಾನು ಮತ್ತೆ ಯಾವತ್ತೂ ಕಂಡಿಲ್ಲ. ಗಾಳ ಬಿಟ್ಟ ಸ್ವಲ್ಪ ಹೊತ್ತಿಗೆ ಬೆಂಡು ಗುಳುಂ ಎಂದು ಮುಳುಗುತ್ತಿತ್ತು. ಬಿದಿರಿನ ಗಳ ಬಿಲ್ಲಿನಂತೆ ಬಾಗುತ್ತಿತ್ತು. ಮೊದಲು ಒಂದು ರೋಹು, ಆಮೇಲೆ ಕಾಟ್ಲಾ, ಆಮೇಲೆ ಮತ್ತೊಂದು. ಗೆಳೆಯ ಮೀನು ಬಿಡಿಸಿ ಬಕೆಟ್ಟಿಗೆ ಹಾಕುತ್ತ, "ವಾಹ್ ಉಸ್ತಾದ್, ಇವತ್ತ ಹೊಳಿ ಖಾಲಿ ಮಾಡಿ ಬಿಡ್ತಿ ನೋಡು" ಎಂದು ನಗುತ್ತಿದ್ದ. ಮೀನಿನ ಪೊರೆ ನಮ್ಮ ಮೊಣಕೈವರೆಗೂ ಅಂಟಿ ಬಿಸಿಲಿಗೆ ಹೊಳೆಯುತ್ತಿತ್ತು. ನಾನು ಖುಷಿಯಲ್ಲಿ ಕೈ ಬಿಚ್ಚಿ ಹಿಟ್ಟು ಹಾಕಿದೆ. ಗಾಳಕ್ಕಷ್ಟೇ ಅಲ್ಲ, ಮೀನುಗಳನ್ನು ಸೇರಿಸಲು ನೀರಿಗೂ ಹಿಡಿಹಿಡಿಯಾಗಿ ಎರಚಿದೆ.

ನಡುನಡುವೆ ತಿರುಗಿ ನೋಡುತ್ತಿದ್ದೆ. ಹಳದಿ ಲಂಗ ಅಲ್ಲೇ ಇತ್ತು. ಒಮ್ಮೆ ನಿಂತಿತ್ತು, ಒಮ್ಮೆ ಕೂತಿತ್ತು. ಒಮ್ಮೆ ಸ್ವಲ್ಪ ಹೊತ್ತು ಕಾಣಲಿಲ್ಲ. ಹೋದಳು, ಇನ್ನು ಚಿಂತೆಯಿಲ್ಲ ಎಂದುಕೊಂಡೆ. ಮತ್ತೆ ನೋಡಿದರೆ ಬಂದು ನಿಂತಿದ್ದಳು. ಕೈಯಲ್ಲಿ ಏನೋ ಹಿಡಿದಂತಿತ್ತು.

ಬಿಸಿಲು ಏರುವಷ್ಟರಲ್ಲಿ ಬಾಳೆಎಲೆ ಬರಿದಾಯಿತು. ಅದೇ ಹೊತ್ತಿಗೆ ಸೇತುವೆಯ ಕೆಳಗೆ ಒಂದು ದೊಡ್ಡ ಕಾಟ್ಲಾ ಕಾಣಿಸಿತು. ನೆರಳಿನಂತೆ ಬರುತ್ತಿತ್ತು, ಕಂಬ ಸುತ್ತುತ್ತಿತ್ತು, ಬಾಯಿ ತೆರೆದು ಮುಚ್ಚುತ್ತಿತ್ತು. ನಾವಿಬ್ಬರೂ ಬಗ್ಗಿ ನೋಡಿದೆವು.

"ಹಿಟ್ಟು ಹಾಕಲೇ" ಎಂದು ಗೆಳೆಯ ಪಿಸುಗುಟ್ಟಿದ.

"ತೀರೈತಿ."

"ನಾದು ಮತ್ತ. ನಿನ್ನ ಕೈ ಐತಿ, ನಮ್ಮ ಮನ್ಯಾಗ ಹಿಟ್ಟೈತಿ, ಹಿಂಡಿನೂ ಐತಿ. ತರ್ತೀನಿ ತಡಿ."

ಅವನು ಓಡಿದ. ಅವರ ಮನೆ ಹತ್ತಿರವೇ ಇತ್ತು. ತನ್ನ ತಾಯಿ ಅಮ್ಮಿಯನ್ನು ಕೇಳಿ ಒಂದು ಡಬ್ಬಿಯ ತುಂಬ ಜೋಳದ ಹಿಟ್ಟು, ಹಿಂಡಿ, ಬೆಲ್ಲ ಎಲ್ಲ ಹಿಡಿದುಕೊಂಡು ಬಂದ. ನಾನು ಅವನೇ ತಂದ ತಂಬಿಗೆಗೆ ದಾರ ಕಟ್ಟಿ ಸೇತುವೆಯಿಂದ ಇಳಿಬಿಟ್ಟು ನೀರು ಸೇದಿ, ತೋಳು ಮಡಚಿ, ಉಸ್ತಾದನಂತೆಯೇ ಕೂತು ನಾದಿದೆ. ನೋಡಲು ಅದೇ ಬಣ್ಣ, ಅದೇ ವಾಸನೆ. ಉಂಡೆ ಕಟ್ಟಿ ಗಾಳಕ್ಕೆ ಚುಚ್ಚಿದರೆ ಬಿರುಕುಬಿಟ್ಟಿತು. ಒತ್ತಿ ಒತ್ತಿ ಕೂರಿಸಿ ನೀರಿಗೆ ಬಿಟ್ಟರೆ ಕಾಟ್ಲಾದ ಮೂಗಿನ ಮುಂದೆಯೇ ಬೂದಿಯಂತೆ ಚದುರಿ ಹೋಯಿತು. ನೀರು ಹೆಚ್ಚು ಹಾಕಿ ನಾದಿದೆ, ಅಂಬಲಿಯಾಯಿತು. ಹಿಟ್ಟು ಹೆಚ್ಚು ಹಾಕಿದೆ, ಪುಡಿಯಾಯಿತು.

ನಿಮಗೆ ಜೋಳದ ರೊಟ್ಟಿ ತಿಂದು ಗೊತ್ತು, ನಾದಿ ಗೊತ್ತಿಲ್ಲ. ಜೋಳದ ಹಿಟ್ಟು ಗೋಧಿ ಹಿಟ್ಟಿನಂಥದಲ್ಲ. ತಣ್ಣೀರಿಗೆ ಅದು ಒಂದಕ್ಕೊಂದು ಕೂಡುವುದಿಲ್ಲ. ಕುದಿಯುವ ನೀರು ಸುರಿದು ನಾದಬೇಕು. ಅದಕ್ಕೆ ಎಸರು ಹಾಕುವುದು ಎನ್ನುತ್ತಾರೆ. ಎಸರು ಬಿದ್ದ ಮೇಲೆ ಹಿಟ್ಟಿಗೆ ಜಿಗಿ ಬರುತ್ತದೆ. ನಮ್ಮ ಕಡೆ ಯಾವ ಹೆಣ್ಣುಮಗಳಿಗಾದರೂ ಗೊತ್ತಿರುವ ಸಂಗತಿ ಅದು. ಮೂರು ಹೊತ್ತೂ ರೊಟ್ಟಿ ತಿಂದು ಬೆಳೆದ ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಕೈಗೆ ಬಿಸಿ ತಾಗಿದಾಗಲೂ ಅದು ಯಾಕೆ ಬಿಸಿಯಿದೆ ಎಂದು ಕೇಳಿರಲಿಲ್ಲ.

ಗೆಳೆಯ ನನ್ನ ಕೈ ನೋಡಿದ, ಮುಖ ನೋಡಿದ. "ಉಸ್ತಾದ್, ಮುಂಜಾನಿ ಹಿಟ್ಟು ಯಾರ್ ನಾದಿದ್ರು?"

"ನಾನ. ನಿಮ್ಮ ಮನಿ ಹಿಟ್ಟ ಸರಿಯಿಲ್ಲ. ಹಳೇದದು."

"ನಮ್ಮ ಅಮ್ಮಿ ನಿನ್ನೆ ಬೀಸಿಸಿಕೊಂಡು ಬಂದಾಳ" ಎಂದ. ಆಮೇಲೆ ಅವನು ನಗಲಿಲ್ಲ. ಡಬ್ಬಿಯ ಮುಚ್ಚಳ ಮುಚ್ಚಿ ಪಕ್ಕಕ್ಕಿಟ್ಟ.

ದೊಡ್ಡ ಕಾಟ್ಲಾ ಇನ್ನೂ ಕಂಬ ಸುತ್ತುತ್ತಿತ್ತು. ನಾನು ತಿರುಗಿ ನೋಡಿದೆ. ಹಳದಿ ಲಂಗ ಜಾಲಿಯ ನೆರಳು ಬಿಟ್ಟು ಬಿಸಿಲಿನಲ್ಲಿ, ನೀರಿನ ಅಂಚಿಗೆ ಬಂದು ನಿಂತಿತ್ತು. ಎದ್ದು ಟವೆಲ್ ಬೀಸಿದ್ದರೆ ಆಗುತ್ತಿತ್ತು. ಅವಳು ಓಡಿ ಬರುತ್ತಿದ್ದಳು. ಮೀನೂ ಸಿಗುತ್ತಿತ್ತು. ಆದರೆ ಈಗ ಕರೆದರೆ ಒಂದಲ್ಲ, ಎರಡು ಸುಳ್ಳು ಬಯಲಾಗುತ್ತಿದ್ದವು. ನಾನು ಏಳಲಿಲ್ಲ. ಕಾಟ್ಲಾ ಆಳಕ್ಕೆ ಇಳಿದು ಹೋಯಿತು. ಮತ್ತೆ ತಿರುಗಿದಾಗ ದಂಡೆಯ ಮೇಲೆ ಯಾರೂ ಇರಲಿಲ್ಲ.

ಮನೆಗೆ ಬಂದಾಗ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಮುಖ ಬಿಸಿಲಿಗೆ ಕೆಂಪಾಗಿತ್ತು. ಬಕೆಟ್ಟಿನೊಳಗೆ ಇಣುಕಿ, "ಛಲೋ ಬಿದ್ದಾವ" ಎಂದಳು. ಆಮೇಲೆ ಕೇಳಿದಳು, "ಟವೆಲ್ ಬೀಸಲಿಲ್ಲಲ್ಲ?"

"ವಾಚ್‌ಮನ್ ಒಳಗಿದ್ದ" ಎಂದೆ.

"ಹೂಂ" ಎಂದಳು. ರೊಟ್ಟಿ ಹಂಚಿಗೆ ಹಾಕಿ ನೀರು ಸವರಿದಳು. "ಹಿಟ್ಟು ಸಾಲ್ತೇನು?"

"ಸಾಲ್ತು."

ಅವಳು ಪಕ್ಕದಲ್ಲಿದ್ದ ಹಿತ್ತಾಳೆಯ ಬೋಗುಣಿ ಎತ್ತಿದಳು. ಕೆಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಇನ್ನೊಂದು ಮುದ್ದೆ ಹಿಟ್ಟಿತ್ತು. "ನಿನ್ನ ಕೈ ದೊಡ್ಡದು, ಸಾಲಂಗಿಲ್ಲ ಅನಸ್ತು. ನಡುವ ಬಂದು ನಾದಕೊಂಡು ಹೋಗಿ ನಿಂತಿದ್ದೆ. ಇಡು, ನಾಳೆ ಗಾಳಕ್ಕ ಆಕ್ಕೈತಿ" ಎಂದಳು.

ಮರುದಿನ ಬೆಳಿಗ್ಗೆ ಅವಳು ಮಾವನ ಜೊತೆ ಹೋದಳು. ನಾನು ಆ ಹಿಟ್ಟನ್ನು ಗಾಳಕ್ಕೆ ಹಾಕಲಿಲ್ಲ. ಬಿಸಾಕಲೂ ಇಲ್ಲ. ಒಣಗಿ ಕಲ್ಲಾಗುವವರೆಗೆ ಗೂಡಿನಲ್ಲಿ ಇಟ್ಟಿದ್ದೆ. ಕೂಸುಗಳು ಕೂತರೆ ಸಾಕು, ಕಳಿಸುತ್ತೇನೆ ಎಂದಿದ್ದ ಮಾವ ಕೂಸುಗಳು ಓಡಾಡುವ ಹೊತ್ತಿಗೂ ಅವಳನ್ನು ಕಳಿಸಲಿಲ್ಲ. ಆ ಕಡೆಯಿಂದಲೇ ಯಲಬುರ್ಗಾದ ಹತ್ತಿರದ ಊರಿಗೆ ಮದುವೆಯಾಗಿ ಹೋದಳು. ಹಬ್ಬಕ್ಕೆ ಬಂದರೆ ಅವಸರ, ಕಂಕುಳಲ್ಲಿ ಕೂಸು. ಸೇತುವೆಯ ಮಾತನ್ನು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಗೆಳೆಯ ಕೆಲವು ದಿನ ಮಾತು ಬಿಟ್ಟು ಮತ್ತೆ ಕೂಡಿದ. ಆದರೆ ಉಸ್ತಾದ್ ಎಂದು ಮಾತ್ರ ಅವನು ಮತ್ತೆ ಕರೆಯಲಿಲ್ಲ.

ಈಗ ನೀವು ಕಂಡದ್ದಕ್ಕೆ ಬರೋಣ. ಹೋದ ದೀಪಾವಳಿಗೆ ನೀವೆಲ್ಲ ಬಂದಿದ್ದಿರಿ. ನಿಮ್ಮ ದೊಡ್ಡಜ್ಜಿ, ಅಂದರೆ ನಮ್ಮ ಅಕ್ಕನೂ ಬಂದಿದ್ದಳು. ನಿಮ್ಮಲ್ಲಿ ಒಬ್ಬಳು, ನನ್ನ ಮೊಮ್ಮಗಳು, ಹೊಸ ಗಾಳ ತೋರಿಸುತ್ತಿದ್ದಳು. ಅದಕ್ಕೆ ದಾರ ಸುತ್ತುವ ಚಕ್ರ, ಬಣ್ಣದ ಪ್ಲಾಸ್ಟಿಕ್ ಬೆಂಡು, ಪ್ಯಾಕೆಟ್ಟಿನಲ್ಲಿ ಮೀನಿನ ಹಿಟ್ಟು. ಅಕ್ಕ ಪ್ಯಾಕೆಟ್ ಮೂಸಿ ನೋಡಿ, "ಇದಕ್ಕ ಎಸರು ಹಾಕ್ಯಾರೇನು?" ಎಂದು ಕೇಳಿದಳು. ನೀವು ನಕ್ಕಿರಿ. ನನಗೆ ನಗು ಬರಲಿಲ್ಲ. ಸಂಜೆ ನೀವು ಪಟಾಕಿ ಹಚ್ಚಲು ಹೊರಗೆ ಹೋದಾಗ ಅವಳ ಮುಂದೆ ಕೂತು ಹೇಳಿಬಿಟ್ಟೆ. ವಾಚ್‌ಮನ್ ಇರಲಿಲ್ಲ, ನಾನೇ ಬೀಸಲಿಲ್ಲ ಎಂದೆ.

ಅಕ್ಕ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಗೊತ್ತೈತಿ" ಎಂದಳು. "ನಿನಗ ನಾ ಕಂಡ್ರ ನನಗ ನೀ ಕಾಣಂಗಿಲ್ಲೇನೋ? ವಾಚ್‌ಮನ್ ಒಳಗಿದ್ರ ನಿಮ್ಮಿಬ್ಬರ್ನ ಅಲ್ಲಿ ಕುಂದ್ರಾಕ ಬಿಡ್ತಿದ್ನೇನು? ಟವೆಲ್ ಮಡಚಿ ಅದರ ಮ್ಯಾಲೆ ಕುಂತದ್ದೂ ನೋಡೀನಿ."

"ಮತ್ತ ಅವತ್ತ ಯಾಕ ಕೇಳಲಿಲ್ಲ?"

"ಕೇಳಿದ್ರ ಇನ್ನೊಂದ್ ಸುಳ್ಳ ಹೇಳ್ತಿದ್ದಿ. ಮುಂಜಾನಿ ಎದ್ದು ಊರಿಗೆ ಹೊಂಟಿದ್ದೆ. ಕಟಗೊಂಡು ಹೋಗಾಕ ಒಂದ ಸಾಕಾಗಿತ್ತು."

ಎಲೆ ಬಾಯಿಗಿಟ್ಟುಕೊಂಡಳು. ಆಮೇಲೆ, "ಆ ಸೇತುವಿ ಇನ್ನಾ ಐತೇನು?" ಎಂದಳು.

ಇತ್ತು. ಹಳೆಯ ಪಂಪು ನಿಂತು ಎಷ್ಟೋ ಕಾಲವಾಯಿತು. ವಾಚ್‌ಮನ್ನೂ ಇಲ್ಲ, ಬೀಗವೂ ಇಲ್ಲ. ಮರುದಿನ ನಾವೆಲ್ಲ ಅಲ್ಲಿಗೆ ಹೋದದ್ದು ನಿಮಗೆ ನೆನಪಿದೆ. ಬೆಳಿಗ್ಗೆ ಹಿಟ್ಟು ನಾದಿದವಳು ದೊಡ್ಡಜ್ಜಿ, ಎಸರು ಕಾಯಿಸಿ ಕೊಟ್ಟವನು ನಾನು. ದಂಡೆ ಮುಟ್ಟಿದ ಮೇಲೆ ಅವಳು, "ನೀವು ಮುಂದ ನಡೀರಿ" ಎಂದು ಜಾಲಿಗಿಡದ ನೆರಳಿನಲ್ಲಿ ನಿಂತುಬಿಟ್ಟಳು. ಕಾಲು ನೋವಿರಬೇಕೆಂದು ನೀವು ತಿಳಿದಿರಿ. ಮೊಮ್ಮಗ ಸೇತುವೆಯಿಂದ ಫೋನು ಮಾಡಿದ. ಫೋನು ಅವಳ ಕೈಯಲ್ಲೇ ಇತ್ತು, ಹಾಡುತ್ತಿತ್ತು. ಅವಳು ಎತ್ತಲಿಲ್ಲ. ಮತ್ತೆ ಮಾಡಿದ. ಕಟ್ ಮಾಡಿದಳು.

ಆಗ ನಾನು ಎದ್ದು ನಿಂತು ಹೆಗಲ ಮೇಲಿನ ಕೆಂಪಂಚಿನ ಟವೆಲ್ ತೆಗೆದು ಬೀಸಿದೆ. ಅಜ್ಜನಿಗೆ ಏನಾಯಿತು, ಯಾಕೆ ಹೀಗೆ ಎರಡೂ ಕೈ ಎತ್ತಿ ಬೀಸುತ್ತಿದ್ದಾನೆ, ಯಾಕೆ ಅಳುತ್ತಿದ್ದಾನೆ ಎಂದು ನೀವು ಕೇಳಿದಿರಿ. ಅವತ್ತು ಹೇಳಲಾಗಲಿಲ್ಲ. ಹೆಚ್ಚು ಓದಿದವನಲ್ಲವಾದರೂ ಕೂತು ಇಷ್ಟು ಬರೆದಿರುವುದು ಅದಕ್ಕೇ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೇತುವೆಯ ಕಂಬಿ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ಬಂದಳು. ನನ್ನ ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂತಳು. ಬೆಂಡನ್ನು ಸ್ವಲ್ಪ ಮೇಲಕ್ಕೆ ಸರಿಸಿದಳು. ನಾನು ಏನೋ ಹೇಳಲು ಹೋದರೆ, "ಸುಮ್ನಿರೋ, ಮೀನು ಹೋದಾವು" ಎಂದಳು. ಅಂಗೈಯಷ್ಟು ಅಗಲದ ಮೀನೊಂದು ಬಿದ್ದಾಗ ನಿಮ್ಮೆಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಗಂಗಾವತಿಯಲ್ಲಿರುವ ಗೆಳೆಯನಿಗೂ ಫೋನು ಮಾಡಿ ಎಲ್ಲ ಹೇಳಿದೆ. "ಅದೆಲ್ಲ ಇರಲಿ, ನಮ್ಮ ಅಮ್ಮಿ ಹಿಟ್ಟು ಛಲೋ ಇತ್ತು ಅಂತ ಈಗರ ಒಪ್ಪಲೇ" ಎಂದ. ಒಪ್ಪಿದೆ.

ಮಕ್ಕಳೇ, ನಿಮ್ಮ ಗಾಳಕ್ಕೆ ಚಕ್ರವಿದೆ, ಹಿಟ್ಟು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಗಂಟು ಹಾಕುವುದನ್ನು ಮೊಬೈಲೇ ಕಲಿಸುತ್ತದೆ. ಮೊಮ್ಮಗಳು ಸೇತುವೆಯ ತುದಿಗೆ ಹೋಗಿ ನಿಂತರೆ ಯಾರೂ ಬಂದು ಬೈಯುವುದಿಲ್ಲ. ಇವೆಲ್ಲ ನಮ್ಮ ಕಾಲಕ್ಕಿಂತ ಒಳ್ಳೆಯವೇ. ದೂರದಲ್ಲಿ ನಿಂತವರನ್ನು ಕರೆಯಲು ನಿಮಗೆ ಒಂದು ಬೆರಳು ಸಾಕು. ನಮಗೆ ಎದ್ದು ನಿಂತು, ಎಲ್ಲರಿಗೂ ಕಾಣುವಂತೆ ಕೈ ಎತ್ತಬೇಕಾಗಿತ್ತು. ನನಗೆ ಅದಕ್ಕೆ ಇಷ್ಟು ವರ್ಷ ಹಿಡಿಯಿತು.

ಆ ಟವೆಲ್ ಎಲ್ಲಿ ಎಂದು ಮೊನ್ನೆ ಕೇಳುತ್ತಿದ್ದಿರಲ್ಲ? ನನ್ನ ಹತ್ತಿರ ಇಲ್ಲ. ದೀಪಾವಳಿ ಮುಗಿಸಿ ಊರಿಗೆ ಹೋಗುವಾಗ ಅಕ್ಕ ನನ್ನನ್ನು ಒಂದು ಮಾತೂ ಕೇಳದೆ ಗೂಟದಿಂದ ತೆಗೆದು, ಮಡಚಿ, ತನ್ನ ಚೀಲದಲ್ಲಿ ಇಟ್ಟುಕೊಂಡಳು.